ಬರೆದವರ ಹೆಸರನ್ನೂ ಕೇಳಿ

ಹಾಗಲವಾಡಿಯ ಗಣಪತಿ ಪೆಂಡಾಲಿನಲ್ಲಿ ಹಾಡು ಕಂಡುಹಿಡಿಯುವ ಆಟ ಆಡಿಸುವ ಹುಡುಗ ಹುಡುಗಿಯರಿಗೆ,



ಹೋದ ವರ್ಷದ ಹಬ್ಬದಲ್ಲಿ ಮೂರನೆಯ ರಾತ್ರಿ ನಾನು ನಿಮ್ಮ ಪೆಂಡಾಲಿನ ಹಿಂದಿನ ಸಾಲಿನಲ್ಲಿ ಕೂತಿದ್ದೆ. ಪಕ್ಕದಲ್ಲಿ ನನ್ನ ಚಿಕ್ಕಮ್ಮ. ಎಪ್ಪತ್ತೆಂಟು ದಾಟಿದ ಜೀವ. ಮಂಡಿನೋವಿದ್ದರೂ ಮೈಕಿನ ಸದ್ದು ಕಿವಿಗೆ ಬಿದ್ದ ಕೂಡಲೇ ಎದ್ದು ಸೀರೆ ಬದಲಾಯಿಸಿ ಬಾಗಿಲಲ್ಲಿ ನಿಂತಿದ್ದಳು. ನಿಮ್ಮಲ್ಲೊಬ್ಬಳು ಚೀಟಿ ಎತ್ತಿ, ಯಾವುದೋ ಸಿನಿಮಾ ಹಾಡಿನ ನಾಲ್ಕೈದು ಪದಗಳನ್ನು ರಾಗ ಸೋಂಕದಂತೆ, ಪತ್ರಿಕೆ ಓದುವ ಹಾಗೆ ಓದುತ್ತಿದ್ದಳು. ಮೇಲಿನ ಬೀದಿಯವರದೊಂದು ಗುಂಪು, ಕೆಳಗಿನ ಬೀದಿಯವರದೊಂದು ಗುಂಪು. ಹಾಡು ಯಾವುದು, ಚಿತ್ರ ಯಾವುದು, ನಾಯಕ ಯಾರು ಎಂಬ ಮೂರಕ್ಕೂ ಸರಿಯಾಗಿ ಹೇಳಿದರೆ ಅಂಕ. ಕುರ್ಚಿ ಸಾಲದೆ ಜನ ಜಗಲಿಗಳ ಮೇಲೆ ಕೂತಿದ್ದರು. ಅಷ್ಟು ಹೊತ್ತು ಯಾರೂ ಫೋನು ತೆಗೆದದ್ದನ್ನು ನಾನು ನೋಡಲಿಲ್ಲ.

ಆಗ ಒಂದು ಚೀಟಿ ಬಂತು. ಪಲ್ಲವಿಯದಲ್ಲ, ಎರಡನೆಯ ಚರಣದ ನಡುವಿನ ಮೂರು ಪದ. ಮೇಲಿನ ಬೀದಿಯವರು ಮುಖ ಮುಖ ನೋಡಿಕೊಂಡರು, ಕೆಳಗಿನ ಬೀದಿಯವರೂ ಸುಮ್ಮನಾದರು. ನನ್ನ ಪಕ್ಕದಲ್ಲಿ ಚಿಕ್ಕಮ್ಮ ತುಟಿ ಅಲ್ಲಾಡಿಸತೊಡಗಿದಳು. ಮುಂದಿನ ಸಾಲು ಹೇಳಿದಳು. ಅದರ ಮುಂದಿನದನ್ನೂ ಹೇಳಿದಳು. ಹಾಡಲಿಲ್ಲ. ಪಕ್ಕದ ಮನೆಯವರಿಗೆ ತವರಿನ ಸುದ್ದಿ ಹೇಳುವ ಹಾಗೆ, ಇಡೀ ಚರಣವನ್ನು ಮಾತಿನಲ್ಲೇ ಹೇಳಿ ಮುಗಿಸಿದಳು. ಮುಂದಿನ ಸಾಲಿನ ಹುಡುಗ ತಿರುಗಿ, "ಅಜ್ಜಿ, ಯಾವ ಪಿಚ್ಚರ್ದು ಹೇಳಿ, ಪಾಯಿಂಟ್ ಕೊಡುಸ್ತೀನಿ" ಅಂದ. ಅವಳಿಗೆ ಚಿತ್ರದ ಹೆಸರು ಗೊತ್ತಿರಲಿಲ್ಲ. ನಾಯಕನೂ ನೆನಪಿರಲಿಲ್ಲ. ಅಂಕ ಹೋಯಿತು. ನಿಯಮ ಇರುವುದೇ ಹಾಗೆ, ಅದಕ್ಕೆ ನನ್ನ ತಕರಾರಿಲ್ಲ. ಮನೆಗೆ ಹೋಗುವ ದಾರಿಯಲ್ಲಿ ಚಿಕ್ಕಮ್ಮ ಒಂದು ಮಾತು ಹೇಳಿದಳು: "ಯಾರು ಬರೆದ್ರೋ ಕಾಣೆ ಕಣಮ್ಮ, ನನ್ನ ಕಂಡೇ ಬರೆದಂಗವ್ರೆ."

ಮೂವತ್ತು ವರ್ಷ ಕನ್ನಡ ಪಾಠ ಮಾಡಿದವಳು ನಾನು. ಆ ಹಾಡನ್ನು ಬರೆದವರು ಯಾರೆಂದು ನನಗೂ ಗೊತ್ತಿರಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ. ಈ ಪತ್ರ ಆಗಲೇ ಮನಸ್ಸಿನಲ್ಲಿ ಶುರುವಾಯಿತು.

ನಿಮ್ಮ ಆಟ ನಿಮಗೇ ತಿಳಿಯದೆ ಒಂದು ದೊಡ್ಡ ಕೆಲಸ ಮಾಡುತ್ತಿದೆ. ಸಿನಿಮಾ ಹಾಡನ್ನು ನಾವು ಬರೀ ಪದವಾಗಿ ಎಂದೂ ಕೇಳುವುದಿಲ್ಲ. ಮೊದಲು ವಾದ್ಯ ಬರುತ್ತದೆ, ಆಮೇಲೆ ಗಾಯಕರ ಕಂಠ, ಪರದೆಯ ಮೇಲೆ ನಾಯಕನ ಮುಖ, ಹಿಂದೆ ಬೆಟ್ಟವೋ ತೋಟವೋ. ಪದಗಳು ಇವೆಲ್ಲದರ ಒಳಗೆ ಅವಿತಿರುತ್ತವೆ. 2002ರಲ್ಲಿ ಇಂಗ್ಲೆಂಡಿನಲ್ಲಿ ಶಜಾಮ್ ಎಂಬ ಸೇವೆ ಬಂತು. 2580ಕ್ಕೆ ಫೋನು ಮಾಡಿ ಹಾಡು ಕೇಳಿಸಿದರೆ ಅದು ಯಾವುದೆಂದು ತಿಳಿಸುತ್ತಿತ್ತು. ಈಗ ಅದು ನಿಮ್ಮೆಲ್ಲರ ಜೇಬಿನಲ್ಲೇ ಇದೆ. ಅದು ಗುರುತಿಸುವುದು ಧ್ವನಿಮುದ್ರಣದ ನಾದವನ್ನು. ನಿಮ್ಮ ಹುಡುಗಿ ಮೈಕಿನ ಮುಂದೆ ನಿಂತು ಮೂರು ಪದ ಸಪ್ಪಗೆ ಓದಿದಾಗ ಅಲ್ಲಿ ನಾದವಿರಲಿಲ್ಲ, ಕಂಠವಿರಲಿಲ್ಲ, ಮುಖವೂ ಇರಲಿಲ್ಲ. ಬರೆದವರು ಕಾಗದದ ಮೇಲೆ ಇಟ್ಟದ್ದು ಮಾತ್ರ ಇತ್ತು. ಕವಿ ಒಬ್ಬನೇ ನಿಂತಿದ್ದ ಆ ಗಳಿಗೆಯಲ್ಲೇ ನಾವು ನಾಯಕ ಯಾರು ಎಂದು ಕೇಳಿದೆವು.

ನಮ್ಮ ಸೀಮೆಗೆ ಈ ಆಟ ಹೊಸದಲ್ಲ. ತುಂಡು ಕೊಟ್ಟು ಇಡಿಯನ್ನು ಕೇಳುವುದು ನಮ್ಮ ಹಿರಿಯರ ಅಭ್ಯಾಸ. ಸೋಬಾನೆಯಲ್ಲಿ ಒಬ್ಬಾಕೆ ಸೊಲ್ಲೆತ್ತಿದರೆ ಸಾಕು, ಹಸೆಮಣೆಯ ಸುತ್ತ ಕೂತವರು ಹಾಡನ್ನು ತಾವೇ ಎಳೆದುಕೊಂಡು ಹೋಗುತ್ತಾರೆ. ಕುರುಕ್ಷೇತ್ರ ನಾಟಕದ ರಾತ್ರಿಯನ್ನು ನೆನೆಸಿಕೊಳ್ಳಿ. ತುಮಕೂರು ಜಿಲ್ಲೆಯಲ್ಲಿ ಇವತ್ತಿಗೂ ರೈತರು, ಡ್ರೈವರುಗಳು, ಅಂಗಡಿಯವರು ಕೈಯಿಂದ ದುಡ್ಡು ಹಾಕಿ ಪಾತ್ರ ಕಟ್ಟುತ್ತಾರೆ. ತಿಂಗಳುಗಟ್ಟಲೆ ಡ್ರಾಮಾ ಮೇಷ್ಟ್ರ ಮುಂದೆ ಕೂತು ಕಂದಪದ್ಯ ಬಾಯಿಪಾಠ ಮಾಡುತ್ತಾರೆ. ಹಾರ್ಮೋನಿಯಂ ಶ್ರುತಿ ಹಿಡಿದು ಪರದೆಯ ಹಿಂದಿನಿಂದ ಮೊದಲ ಎರಡು ಪದ ಕೇಳಿದರೆ, ಚಾಪೆಯ ಮೇಲೆ ಅರೆನಿದ್ದೆಯಲ್ಲಿರುವ ಮುದುಕರು "ದುರ್ಯೋಧನ ಬಂದ" ಎಂದು ಎದ್ದು ಕೂರುತ್ತಾರೆ. ಪಾತ್ರಧಾರಿ ಮೂರನೆಯ ಸಾಲಿನಲ್ಲಿ ತಡವರಿಸಿದರೆ ನಾಲ್ಕನೆಯದು ಜನರ ನಡುವಿನಿಂದಲೇ ಬರುತ್ತದೆ. ಕಂದಪದ್ಯ ನೆನಪಿಗೆ ಒಗ್ಗುವ ಛಂದಸ್ಸು. ಮೊದಲ ಸಾಲಿಗೆ 12 ಮಾತ್ರೆ, ಎರಡನೆಯದಕ್ಕೆ 20, ಮತ್ತೆ 12, ಮತ್ತೆ 20. ಪ್ರತಿ ಸಾಲಿನ ಎರಡನೆಯ ಅಕ್ಷರ ಒಂದೇ ಪ್ರಾಸ. ಆ ಒಂದು ಅಕ್ಷರ ಗಾಳದ ಹಾಗೆ ಮುಂದಿನ ಸಾಲನ್ನು ಎಳೆದು ತರುತ್ತದೆ. ಓದು ಬರಹ ಬಾರದವರ ಬಾಯಲ್ಲೂ ನೂರಾರು ಪದ್ಯ ಉಳಿದದ್ದು ಹೀಗೆ.

ಇನ್ನೊಂದು ಸಂಗತಿ ಇದಕ್ಕಿಂತ ದೊಡ್ಡದು. ಹಿಂದಿನವರು ಬರೆದವರ ಹೆಸರನ್ನು ಹಾಡಿನ ಒಳಗೇ ಹೆಣೆದಿಡುತ್ತಿದ್ದರು. ಅದೇ ಅಂಕಿತ. ಕೂಡಲಸಂಗಮದೇವ ಎಂದು ಕಿವಿಗೆ ಬಿದ್ದರೆ ಬಸವಣ್ಣ, ಗುಹೇಶ್ವರ ಎಂದರೆ ಅಲ್ಲಮ, ಚೆನ್ನಮಲ್ಲಿಕಾರ್ಜುನ ಎಂದರೆ ಅಕ್ಕ. ಪುರಂದರವಿಠಲ ಎಂದರೆ ಯಾರೆಂದು ಮೂರನೆಯ ತರಗತಿಯ ಮಗುವೂ ಹೇಳುತ್ತದೆ. ನಮ್ಮ ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿ ನೆಲೆಯಾದ ತೋಂಟದ ಸಿದ್ಧಲಿಂಗರ ಅಂಕಿತ ಮಹಾಲಿಂಗಗುರು ಶಿವಸಿದ್ಧೇಶ್ವರ ಪ್ರಭುವೇ. ಎಡೆಯೂರಿಗೆ ಮುಡಿ ಕೊಡಲು ಹೋದ ನೀವು ಅದನ್ನು ಅಲ್ಲಿ ಕೇಳಿರಬಹುದು. ಎಂಟುನೂರು, ಐನೂರು ವರ್ಷ ದಾಟಿದರೂ ಇವರ ಹೆಸರು ಹಾಡಿನಿಂದ ಕಳಚಿ ಬೀಳಲಿಲ್ಲ. ಸಿನಿಮಾ ಹಾಡಿಗೆ ಅಂಕಿತವಿಲ್ಲ. ಅದರ ಕವಿಯ ಹೆಸರು ಹಾಡಿನ ಹೊರಗೆ ಇರುತ್ತದೆ. ಹೊರಗಿದ್ದದ್ದು ಗಾಳಿಗೆ ಹಾರುತ್ತದೆ.

ನಮ್ಮ ಕಾಲದಲ್ಲಿ ಆ ಹೆಸರನ್ನು ಎರಡು ಕಡೆ ಕಾಪಾಡುತ್ತಿದ್ದರು. ಒಂದು, ಆಕಾಶವಾಣಿ. ಹಾಡಿಗೆ ಮುಂಚೆ ಉದ್ಘೋಷಕರು ಚಿತ್ರದ ಹೆಸರು, ಸಾಹಿತ್ಯ ಯಾರದು, ಸಂಗೀತ ಯಾರದು, ಹಾಡಿದವರು ಯಾರು ಎಂದು ಸಾವಧಾನವಾಗಿ ಹೇಳುತ್ತಿದ್ದರು. ನಾವು 15 ಪೈಸೆಯ ಕಾರ್ಡಿನಲ್ಲಿ ಕೋರಿಕೆ ಬರೆದು ಬೆಂಗಳೂರಿಗೆ ಹಾಕಿ, ಹಾಗಲವಾಡಿ ಎಂಬ ಹೆಸರು ರೇಡಿಯೋದಲ್ಲಿ ಬರಲೆಂದು ವಾರಗಟ್ಟಲೆ ಕಾಯುತ್ತಿದ್ದೆವು. ಚಿ. ಉದಯಶಂಕರ್, ಆರ್.ಎನ್. ಜಯಗೋಪಾಲ್, ವಿಜಯನಾರಸಿಂಹ ಎಂಬ ಹೆಸರುಗಳು ನನಗೆ ಪುಸ್ತಕದಿಂದ ಬಂದವಲ್ಲ. ರಾಗಿಮುದ್ದೆ ಕೋಲಾಡಿಸುತ್ತ ಅಮ್ಮ ಕೇಳುತ್ತಿದ್ದ ರೇಡಿಯೋದಿಂದ ಬಂದವು. 2001ರಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ ಬೆಂಗಳೂರಿನಲ್ಲಿ ಶುರುವಾಯಿತು. ಆಮೇಲೆ ಹಾಡುಗಳ ನಡುವೆ ಮಾತು ಹೆಚ್ಚಿತು, ಆ ನಾಲ್ಕು ಹೆಸರುಗಳು ಕಡಿಮೆಯಾದವು.

ಎರಡನೆಯದು ಹಾಡಿನ ಪುಸ್ತಕ. ನೀವು ನೋಡಿರಲಿಕ್ಕಿಲ್ಲ. ಟೆಂಟ್ ಸಿನಿಮಾದಲ್ಲಿ ನೆಲ, ಬೆಂಚು, ಚೇರು ಎಂದು ಮೂರು ದರವಿತ್ತು. ಗೇಟಿನ ಹತ್ತಿರ ಒಬ್ಬ ಹುಡುಗ ತೆಳ್ಳನೆಯ ಪುಸ್ತಕಗಳನ್ನು ಚಿಲ್ಲರೆ ಕಾಸಿಗೆ ಮಾರುತ್ತಿದ್ದ. ಬಣ್ಣ ಮಾಸಿದ ಹಾಳೆ, ಮುಖಪುಟದ ಮೇಲೆ ನಾಯಕ ನಾಯಕಿಯ ಚಿತ್ರ. ಒಳಗೆ ಪಾತ್ರವರ್ಗ, ಸಾಹಿತ್ಯ, ಸಂಗೀತ. ಆಮೇಲೆ ಕಥಾಸಾರಾಂಶ. ಕಥೆ ಬಿಗಿಯಾಗುವ ಹೊತ್ತಿಗೆ ಸರಿಯಾಗಿ ಅದು ನಿಂತು, ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿ ಎನ್ನುತ್ತಿತ್ತು. ಉಳಿದ ಪುಟಗಳಲ್ಲೆಲ್ಲ ಹಾಡುಗಳು. ಸಿನಿಮಾ ಮುಗಿದು ಟೆಂಟು ಬೇರೆ ಊರಿಗೆ ಹೋದಮೇಲೂ ಪುಸ್ತಕ ಮನೆಯಲ್ಲಿ ಉಳಿಯುತ್ತಿತ್ತು. ಚಿಕ್ಕಮ್ಮನ ಆ ಚರಣ ಬಂದದ್ದು ಅಲ್ಲಿಂದ. ಅವಳು ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವಳು. ಅಕ್ಷರ ಮರೆಯದೆ ಉಳಿದದ್ದು ಹಾಡಿನ ಪುಸ್ತಕದಿಂದ ಎಂದು ತಾನೇ ಹೇಳುತ್ತಾಳೆ. ಹಸು ಹಾಲು ಕರೆದು ಬಂದು ಒಲೆಯ ಬೆಳಕಿನಲ್ಲಿ ಓದುತ್ತಿದ್ದಳಂತೆ.

ಈಗ ನಾನು ನಿಮಗೆ ಹೇಳಲೇಬೇಕಾದ ಸಂಗತಿಗೆ ಬರುತ್ತೇನೆ.

ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನ’ ಎಂಬುದು ನಿಮ್ಮ ರಸಪ್ರಶ್ನೆಯಲ್ಲೂ ಬಂದಿತ್ತು. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆ ಕಂಡಿತು. ನಿರ್ದೇಶಕರು ವೈ.ವಿ. ರಾವ್. ಸುಬ್ಬಯ್ಯನಾಯ್ಡು ಇಂದ್ರಜಿತು, ತ್ರಿಪುರಾಂಬಾ ಸುಲೋಚನೆ, ಆರ್. ನಾಗೇಂದ್ರರಾಯರು ರಾವಣ. ಚಿತ್ರೀಕರಣ ಕೊಲ್ಹಾಪುರದಲ್ಲಿ ನಡೆಯಿತು. ಇದೆಲ್ಲ ಪುಸ್ತಕಗಳಲ್ಲಿದೆ. ಆ ಚಿತ್ರಕ್ಕೆ ಸಂಭಾಷಣೆ ಮತ್ತು ಹಾಡು ಬರೆದವರು ಬೆಳ್ಳಾವೆ ನರಹರಿಶಾಸ್ತ್ರಿಗಳು. ಬೆಳ್ಳಾವೆ ಎಲ್ಲಿದೆ ಗೊತ್ತಲ್ಲ? ನಾವು ಬೆಳ್ಳಾವಿ ಎನ್ನುವ ಊರು. ತುಮಕೂರು ತಾಲ್ಲೂಕಿನ ಹೋಬಳಿ, ನಿಮ್ಮಲ್ಲಿ ಕೆಲವರ ನೆಂಟರಿರುವ ಊರು. ಕನ್ನಡ ಸಿನಿಮಾ ಬಾಯಿಬಿಟ್ಟು ಮೊದಲ ಸಲ ಹಾಡಿದಾಗ, ಆ ಹಾಡಿನ ಮಾತು ತನ್ನ ಹೆಸರಿನ ಮುಂದೆ ನಮ್ಮ ನೆರೆಯ ಊರನ್ನು ಹೊತ್ತವರದು.

ಆ ಚಿತ್ರದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಹಾಗಾಗಿ ನಿಮ್ಮ ಆಟದಲ್ಲಿ ಅದರ ಹಾಡಿನ ನಾಲ್ಕು ಪದ ಓದಿದರೆ ಹಾಗಲವಾಡಿಯಲ್ಲಿ ಮಾತ್ರವಲ್ಲ, ಇಡೀ ಕರ್ನಾಟಕದಲ್ಲೇ ಗುರುತಿಸುವವರು ಸಿಕ್ಕುವುದು ಕಷ್ಟ. ಇದನ್ನು ಯೋಚಿಸಿದಾಗಲೆಲ್ಲ ನನ್ನ ಮನಸ್ಸು ಕಲಕುತ್ತದೆ. ಹಾಗಲವಾಡಿಯ ಪಾಳೆಯಗಾರ ನಾಯಕರ ಹೆಸರುಗಳನ್ನು ನೀವು ವೇದಿಕೆಯ ಮೇಲೆ ಹೆಮ್ಮೆಯಿಂದ ಹೇಳುತ್ತೀರಿ. ಹೇಳಬೇಕು. ಗುಬ್ಬಿ ವೀರಣ್ಣನವರ ಹೆಸರು ಹೇಳುತ್ತೀರಿ. ಅದೂ ಸರಿ. 1884ರಲ್ಲಿ ಹುಟ್ಟಿದ ಗುಬ್ಬಿಯ ನಾಟಕ ಕಂಪನಿ ಇಲ್ಲದಿದ್ದರೆ ರಾಜಕುಮಾರರೂ ಇಲ್ಲ, ನಮ್ಮ ತಿಪಟೂರಿನ ನರಸಿಂಹರಾಜರೂ ಇಲ್ಲ. ಆದರೆ ಬೆಳ್ಳಾವಿಯ ಹಾದಿಯಲ್ಲಿ ಬಸ್ಸಿನಲ್ಲಿ ಹೋಗುವಾಗ ನರಹರಿಶಾಸ್ತ್ರಿಗಳ ಹೆಸರು ಹೇಳಿದವರನ್ನು ನಾನು ಇವತ್ತಿನವರೆಗೆ ಕಂಡಿಲ್ಲ.

‘ಬೇಡರ ಕಣ್ಣಪ್ಪ’ವನ್ನೇ ತೆಗೆದುಕೊಳ್ಳಿ. 1954ರ ಚಿತ್ರ, ಗುಬ್ಬಿ ವೀರಣ್ಣನವರು ನಿರ್ಮಾಣದಲ್ಲಿ ಕೈಜೋಡಿಸಿದ್ದು, ರಾಜಕುಮಾರ್ ನಾಯಕನಾದ ಮೊದಲ ಚಿತ್ರ. ಅದರಲ್ಲಿ ಹಸಿದ ಬೇಡನೊಬ್ಬ ಶಿವನನ್ನು ಕೂಗಿ ಅನ್ನ ಕೇಳುವ ಹಾಡಿದೆ. ನಮ್ಮ ಕಡೆ ಭಜನೆಯಲ್ಲಿ ಅದನ್ನು ದೇವರನಾಮ ಎಂದೇ ಹಾಡುತ್ತಾರೆ. ಅದರ ಒಂದು ಪದ ಓದಿದರೆ ಸಾಕು, ನಿಮ್ಮ ಎರಡೂ ಗುಂಪಿನವರು ಒಟ್ಟಿಗೆ ಎದ್ದು ನಿಲ್ಲುತ್ತಾರೆ. ಬರೆದವರು ಎಸ್. ನಂಜಪ್ಪ. ಆ ಹೆಸರು ಕೇಳಿದರೆ ಎಷ್ಟು ಜನ ಏಳುತ್ತಾರೆ?

ಇನ್ನೂ ಇದ್ದಾರೆ. ಕು.ರ.ಸೀ. ಎಂದು ಚಿತ್ರಗಳಲ್ಲಿ ಕಾಣುವ ಹೆಸರಿನ ಮೊದಲ ಅಕ್ಷರ ಕುಣಿಗಲ್ಲಿನದು. ಅವರು ಹಾಡು ಬರೆದರು, ‘ಅಣ್ಣ ತಂಗಿ’, ‘ರಾಣಿ ಹೊನ್ನಮ್ಮ’ ಚಿತ್ರಗಳನ್ನು ನಿರ್ದೇಶಿಸಿದರು. ಮಧುಗಿರಿ ತಾಲ್ಲೂಕಿನ ಕುರುಬರಹಳ್ಳಿಯಲ್ಲಿ ಹುಟ್ಟಿದ ದೊಡ್ಡರಂಗೇಗೌಡರು 1978ರ ‘ಪರಸಂಗದ ಗೆಂಡೆತಿಮ್ಮ’ಕ್ಕೆ ಹಾಡು ಬರೆದರು. ಆ ಹಾಡುಗಳಲ್ಲಿ ನನ್ನಮ್ಮ ಕಣದಲ್ಲಿ ಆಡುತ್ತಿದ್ದ ಮಾತು ಇದೆ. ಅಂಥ ಪದ ಪುಸ್ತಕ ಓದಿ ಕಲಿತವರಿಗೆ ಬರುವುದಿಲ್ಲ. ನಮ್ಮ ಜಿಲ್ಲೆಯ ಹುಡುಗನೊಬ್ಬ ಅದರ ಎರಡು ಪದ ಕೇಳಿದರೂ ಸಾಕು, ಚಿತ್ರ ನೆನಪಾಗುವುದಕ್ಕೆ ಮುಂಚೆಯೇ ಇದು ನಮ್ಮ ಕಡೆಯವರು ಬರೆದದ್ದು ಎಂದು ಹೇಳಬಲ್ಲ. ಅದೂ ಒಂದು ಬಗೆಯ ಅಂಕಿತವೇ. ಶಿರಾ ತಾಲ್ಲೂಕಿನ ಬರಗೂರು ರಾಮಚಂದ್ರಪ್ಪನವರೂ ಚಿತ್ರಗಳಿಗೆ ಹಾಡು ಬರೆದವರೇ. ಇವರಿಬ್ಬರೂ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದವರು, ಬರಗೂರರು 2016ರಲ್ಲಿ ರಾಯಚೂರಿನಲ್ಲಿ, ದೊಡ್ಡರಂಗೇಗೌಡರು 2023ರಲ್ಲಿ ಹಾವೇರಿಯಲ್ಲಿ.

ಕೆಲವು ಕವಿತೆಗಳು ಪುಸ್ತಕದಿಂದ ಎದ್ದು ಚಿತ್ರಕ್ಕೆ ಹೋಗಿವೆ. ಬೇಂದ್ರೆಯವರದು 1971ರ ‘ಶರಪಂಜರ’ಕ್ಕೆ ಹೋಯಿತು. ಕೆ.ಎಸ್. ನರಸಿಂಹಸ್ವಾಮಿಯವರ 1942ರ ‘ಮೈಸೂರ ಮಲ್ಲಿಗೆ’ ಐವತ್ತು ವರ್ಷದ ಮೇಲೆ ಅದೇ ಹೆಸರಿನ ಚಿತ್ರವಾಯಿತು. ಈ ಹಾಡುಗಳು ಬಂದಾಗ ನಾವು ಕವಿಯ ಹೆಸರು ಹೇಳುತ್ತೇವೆ, ಏಕೆಂದರೆ ಅವು ಮೊದಲು ಪುಸ್ತಕದಲ್ಲಿದ್ದವು. ಮದ್ರಾಸಿನ ಯಾವುದೋ ಕೋಣೆಯಲ್ಲಿ ಹಾರ್ಮೋನಿಯಂ ಮುಂದೆ ಕೂತು, ಮೊದಲೇ ಸಿದ್ಧವಾದ ರಾಗಕ್ಕೆ ಅಕ್ಷರ ಅಳೆದು ಅಳೆದು, ನಾಳೆ ಬೆಳಗಿನ ಧ್ವನಿಮುದ್ರಣಕ್ಕೆ ರಾತ್ರಿಯೇ ಹಾಡು ಮುಗಿಸಿಕೊಟ್ಟವರ ಹೆಸರನ್ನು ಮಾತ್ರ ಹೇಳುವುದಿಲ್ಲ. ನನ್ನ ಚಿಕ್ಕಮ್ಮನ ಬದುಕನ್ನು ಕಂಡವರ ಹಾಗೆ ಬರೆದದ್ದು ಅವರಲ್ಲೊಬ್ಬರು.

ಹಾಗಾಗಿ ನನ್ನ ಕೋರಿಕೆ ಇಷ್ಟೇ. ಈ ವರ್ಷ ಚೀಟಿಯಲ್ಲಿ ನಾಲ್ಕನೆಯ ಪ್ರಶ್ನೆ ಸೇರಿಸಿ: ಬರೆದವರು ಯಾರು? ಹೆಚ್ಚು ಅಂಕ ಅದಕ್ಕೇ ಇಡಿ. ಮೊದಲ ದಿನ ಯಾರಿಗೂ ಬರುವುದಿಲ್ಲ. ಬೇಡ. ಉತ್ತರವನ್ನು ಮೈಕಿನಲ್ಲಿ ಎರಡು ಸಲ ಹೇಳಿ. ಮೂರನೆಯ ರಾತ್ರಿಯ ಹೊತ್ತಿಗೆ ಮಕ್ಕಳು ಓದಿಕೊಂಡು ಬಂದಿರುತ್ತಾರೆ. ನಮ್ಮ ಊರ ಮಕ್ಕಳು ನನಗೆ ಗೊತ್ತು.

ತುಂಡು ಆರಿಸುವಾಗ ಪಲ್ಲವಿ ಬಿಡಿ. ಪಲ್ಲವಿ ಎಲ್ಲರಿಗೂ ಬರುತ್ತದೆ, ಎಷ್ಟೋ ಸಲ ಚಿತ್ರದ ಹೆಸರೇ ಅಲ್ಲಿರುತ್ತದೆ. ಕವಿ ತನ್ನ ಮನಸ್ಸು ಬಿಚ್ಚುವುದು ಚರಣದಲ್ಲಿ. ಚಂದ್ರ, ಮಲ್ಲಿಗೆ, ಒಲವು ಎಂಬ ಪದ ಬಂದರೆ ನೂರು ಹಾಡಿಗೆ ಹೊಂದುತ್ತದೆ. ಬೇರೆಲ್ಲೂ ಸಿಕ್ಕದ ಒಂದು ಪದ ಹುಡುಕಿ. ಆ ಹುಡುಕಾಟದಲ್ಲಿ ನೀವು ಹಾಡನ್ನು ಎಷ್ಟು ಗಮನವಿಟ್ಟು ಓದುತ್ತೀರೋ ಅಷ್ಟು ಗಮನ ಅದಕ್ಕೆ ಬಹಳ ದಿನದಿಂದ ಸಿಕ್ಕಿರುವುದಿಲ್ಲ. ಅಂತ್ಯಾಕ್ಷರಿ ಸುತ್ತನ್ನು ಕೈಬಿಡಬೇಡಿ. ‘ಳ’ ಬಂದರೆ ‘ಲ’, ‘ಣ’ ಬಂದರೆ ‘ನ’ ಎಂದು ನೀವು ರಿಯಾಯಿತಿ ಕೊಟ್ಟಿರಲ್ಲ, ಅದು ನ್ಯಾಯವಾದದ್ದು. ಆ ಎರಡು ಅಕ್ಷರಗಳಿಂದ ಶುರುವಾಗುವ ಮಾತು ಕನ್ನಡದಲ್ಲಿ ಇಲ್ಲ. ಏಕೆ ರಿಯಾಯಿತಿ ಎಂದು ಒಂದು ಮಾತು ಹೇಳಿ. ನಾನು ಒಂದು ಪೀರಿಯಡ್ಡಿನಲ್ಲಿ ಹೇಳುವ ವ್ಯಾಕರಣ ಅರ್ಧ ನಿಮಿಷದಲ್ಲಿ ತಲೆಗೆ ಹೋಗುತ್ತದೆ.

ಒಂದು ಸುತ್ತು ಅಜ್ಜಿಯರಿಗೆ ಬಿಡಿ. ಅದರಲ್ಲಿ ಸೋಬಾನೆ, ರಾಗಿ ಬೀಸುವ ಪದ, ನಾಟಕದ ಕಂದ ಇರಲಿ. ಆ ಸುತ್ತಿನಲ್ಲಿ ಬರೆದವರು ಯಾರು ಎಂದು ಕೇಳಬೇಡಿ, ಯಾರಿಂದ ಕಲಿತಿರಿ ಎಂದು ಕೇಳಿ. ಅತ್ತೆಯ ಹೆಸರು ಬರುತ್ತದೆ, ಅತ್ತೆಯ ತವರಿನ ಹೆಸರು ಬರುತ್ತದೆ. ಅದನ್ನು ಒಬ್ಬರು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.

ನಿಮ್ಮ ಹಾಡುಗಳ ಬಗ್ಗೆ ನನಗೆ ಅಸಡ್ಡೆ ಇದೆಯೆಂದು ತಿಳಿಯಬೇಡಿ. 1987ರಲ್ಲಿ ‘ಪ್ರೇಮಲೋಕ’ ಬಂದಾಗ ನಮ್ಮ ಹಿರಿಯರು ಇದೇನು ಹಾಡು, ಬರೀ ಮಾತು ಎಂದು ಬೈದರು. ನನ್ನ ತರಗತಿಯ ಹುಡುಗರು ಅದೇ ಕ್ಯಾಸೆಟ್ಟನ್ನು ಸವೆಯುವವರೆಗೆ ಕೇಳಿದರು. ಹಂಸಲೇಖ ಪದವನ್ನೂ ರಾಗವನ್ನೂ ತಾವೇ ಕಟ್ಟಿದ್ದರಿಂದ ಅವರ ಹೆಸರು ಜನರ ಬಾಯಲ್ಲಿ ಉಳಿಯಿತು. 2006ರ ಕೊನೆಗೆ ‘ಮುಂಗಾರು ಮಳೆ’ ಬಂದಾಗ ಜಯಂತ ಕಾಯ್ಕಿಣಿಯವರ ಹೆಸರನ್ನು ಕಾಲೇಜು ಹುಡುಗರು ಹೇಳುವುದನ್ನು ಕೇಳಿ ನನಗೆ ಬಹಳ ಸಂತೋಷವಾಯಿತು. ಈಚಿನ ಐದಾರು ವರ್ಷದ ಹಾಡುಗಳ ಕವಿಗಳು ನನಗೆ ತಿಳಿಯರು. ನೀವು ಹೇಳಿಕೊಡಿ. ಹಿಂದಿನ ಸಾಲಿನಲ್ಲಿ ಕೂತು ಬರೆದುಕೊಳ್ಳುತ್ತೇನೆ.

ಈ ಸಲ ಬರುವಾಗ ಒಂದು ಟ್ರಂಕು ತರುತ್ತೇನೆ. ಅಮ್ಮನದು. ಅದರಲ್ಲಿ ನಲವತ್ತರಷ್ಟು ಹಾಡಿನ ಪುಸ್ತಕಗಳಿವೆ. ಕೆಲವಕ್ಕೆ ಗೆದ್ದಲು ಹಿಡಿದಿದೆ, ಕೆಲವು ಮಡಿಕೆಯಲ್ಲಿ ಹರಿದಿವೆ. ಫೋನಿನಲ್ಲಿ ಚಿತ್ರ ತೆಗೆದುಕೊಳ್ಳಿ, ಚೀಟಿಗೆ ಬಳಸಿಕೊಳ್ಳಿ. ಒಂದೇ ಒಂದನ್ನು ಬೇರೆ ಕವರಿನಲ್ಲಿ ಹಾಕಿ ಇಟ್ಟಿದ್ದೇನೆ. ಚಿಕ್ಕಮ್ಮ ಅವತ್ತು ಹೇಳಿದ ಚರಣ ಅದರಲ್ಲಿದೆ. ಹಬ್ಬ ಮುಗಿದ ಮಾರನೆಯ ದಿನ ಹುಡುಕಿ ತೆಗೆದೆ. ಎಂಟು ಹಾಡೂ ಪೂರ್ತಿ ಇವೆ, ಅಂಚಿನಲ್ಲಿ ಅಮ್ಮನ ಕೈಯ ಪೆನ್ಸಿಲ್ ಗುರುತೂ ಇದೆ. ಮುಖಪುಟ ಮತ್ತು ಅದರ ಹಿಂದಿನ ಹಾಳೆ, ಚಿತ್ರದ ಹೆಸರೂ ಸಾಹಿತ್ಯದವರ ಹೆಸರೂ ಇರುವ ಹಾಳೆ, ಹರಿದು ಹೋಗಿವೆ. ಆ ರಾತ್ರಿ ಚೀಟಿ ಬರೆದವರು ನಿಮ್ಮಲ್ಲೇ ಒಬ್ಬರು. ಅವರಿಗೆ ಚಿತ್ರ ಗೊತ್ತಿರಬೇಕು. ಅಲ್ಲಿಂದ ಶುರು ಮಾಡಿ ಬರೆದವರ ಹೆಸರನ್ನು ಹುಡುಕಿಡಿ. ಚಿಕ್ಕಮ್ಮ ನನ್ನ ಜೊತೆ ಬರುತ್ತಾಳೆ, ಮುಂದಿನ ಸಾಲಿನಲ್ಲಿ ಕೂರಿಸುತ್ತೇನೆ. ಮೈಕಿನಲ್ಲಿ ಹೇಳುವಾಗ ಸ್ವಲ್ಪ ಜೋರಾಗಿ ಹೇಳಿ, ಅವಳಿಗೆ ಎಡಗಿವಿ ಕೇಳಿಸುವುದಿಲ್ಲ.

ನಿಮ್ಮ ಊರಿನವಳೇ ಆದ
ನಿವೃತ್ತ ಕನ್ನಡ ಶಿಕ್ಷಕಿ,
ತುಮಕೂರು